ಸರೋಜತ್ತೆಯ ಮುಷ್ಟಿ ಮತ್ತು ಚುಕ್ಕೆ ತೆಗೆಯುವ ಸಾಫ್ಟ್‌ವೇರು

ಲೋಕದಲ್ಲಿ ನಡೆಯುವ ಅನ್ಯಾಯಗಳಲ್ಲಿ ಮುಕ್ಕಾಲು ಪಾಲು, ಕೇಳಬೇಕಾದವರು ಕೇಳಬೇಕಾದ ಹೊತ್ತಿಗೆ ಬಾಯಿ ಬಿಡದೆ ಇರುವುದರಿಂದಲೇ ನಡೆಯುತ್ತವೆ ಎಂಬುದು ನನ್ನ ಸಿದ್ಧಾಂತ. ವಿಶ್ವವಿದ್ಯಾಲಯದಿಂದ ಹೊರಬರುವಾಗ ಸ್ನಾತಕೋತ್ತರ ಪದವಿಯ ಜೊತೆಗೆ ನಾನು ತಂದುಕೊಂಡ ಏಕೈಕ ಆಸ್ತಿ ಇದು. ಪದವಿ ಪೆರುಂಗುಡಿಯ ಕಚೇರಿಯೊಂದರಲ್ಲಿ ಯಂತ್ರಗಳ ಬಳಕೆ ಕೈಪಿಡಿ ಬರೆಯುವ ಕೆಲಸ ಕೊಡಿಸಿತು. ಸಿದ್ಧಾಂತ ಶತ್ರುಗಳನ್ನು ಕೊಡಿಸಿತು. ಕಚೇರಿಯ ಲಿಫ್ಟು 'ಸ್ವಾಗತ' ಎಂದು ಹೇಳುತ್ತಲೇ ಬಾಗಿಲಿನಿಂದ ನನ್ನ ಭುಜವನ್ನು ಹಿಂಡಿದ ದಿನ, ಇದಕ್ಕೆ ಹೊಣೆ ಯಾರು ಎಂದು ಕೇಳಿ ಎರಡು ಪುಟದ ಪತ್ರ ಬರೆದೆ. ಉತ್ತರವೇನೂ ಬರಲಿಲ್ಲ. ಆದರೆ ಮರುದಿನದಿಂದ ಲಿಫ್ಟು ಸ್ವಾಗತ ಹೇಳುವುದನ್ನು ನಿಲ್ಲಿಸಿ ಹಿಂಡುವುದನ್ನು ಮಾತ್ರ ಮುಂದುವರಿಸಿತು. ಪ್ರಜಾಪ್ರಭುತ್ವದಲ್ಲಿ ಇಷ್ಟು ಗೆಲುವೂ ಗೆಲುವೇ.

ಇಂಥ ನಾನು, ನನ್ನ ದೊಡ್ಡಪ್ಪನಿಗೆ ಅರವತ್ತು ತುಂಬಿ ಷಷ್ಟ್ಯಬ್ದಿ ನಿಶ್ಚಯವಾದಾಗ, ಸುಮ್ಮನೆ ಹೋಳಿಗೆ ತಿಂದು ಬರುವ ಜಾತಿಯವಳಲ್ಲ. ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ಮೈಲಾಪೂರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರು. ಅಡುಗೆಮನೆಯ ಆಡಳಿತ ವಾರಿಜ ದೊಡ್ಡಮ್ಮನದು. ಫೋಟೋಕ್ಕೆ ಗೊತ್ತುಮಾಡಿದ್ದ ಸ್ಟುಡಿಯೋದವರ ಮುಂದೆ ನಾನು ಹದಿನಾಲ್ಕು ಪ್ರಶ್ನೆಗಳ ಪಟ್ಟಿಯಿಟ್ಟೆ. ಎಷ್ಟು ಚಿತ್ರ, ಮೂಲಪ್ರತಿ ಯಾರದು, ಕಣ್ಣು ಮುಚ್ಚಿದ ಚಿತ್ರಗಳಿಗೆ ಪರಿಹಾರವೇನು? ಅವರು ನಾಲ್ಕನೆಯ ಪ್ರಶ್ನೆಯವರೆಗೆ ಓದಿ, ಕನ್ನಡಕ ತೆಗೆದು, "ಅಮ್ಮಾ, ನೀಂಗಳೇ ಎಡುತ್ತುಕ್ಕೋಂಗೊ" ಎಂದು ಕೈಮುಗಿದು ಹೋದರು. ನೀವೇ ತೆಗೆದುಕೊಳ್ಳಿ ಎಂದ ಮೇಲೆ ತೆಗೆಯದೆ ಇರುವುದು ಹೇಗೆ? ನಾಲ್ಕು ತಿಂಗಳ ಹಿಂದಷ್ಟೇ ಕೊಂಡ ದೊಡ್ಡ ಡಿಜಿಟಲ್ ಕ್ಯಾಮೆರಾ ನನ್ನ ಕುತ್ತಿಗೆಯಲ್ಲಿ ತೂಗುತ್ತಿತ್ತು.

ಫ್ಲಾಶ್ ಹಾಕುವುದು ಪುಕ್ಕಲರ ಲಕ್ಷಣ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಫೋಟೋಗಳನ್ನು ಸಂಸ್ಕರಿಸದೆ 'ರಾ' ರೂಪದಲ್ಲೇ ತೆಗೆಯದವನು ಮನುಷ್ಯನೇ ಅಲ್ಲ ಎಂದು ಇನ್ನೊಬ್ಬರು. ಎರಡನ್ನೂ ಪಾಲಿಸಿದೆ. ಕಲ್ಯಾಣಮಂಟಪದಲ್ಲಿ ಇದ್ದದ್ದು ಎರಡು ಟ್ಯೂಬ್‌ಲೈಟು ಮತ್ತು ಯಥೇಚ್ಛ ಹೋಮದ ಹೊಗೆ. ಕ್ಯಾಮೆರಾದ ಬೆಳಕು ಹೀರುವ ಶಕ್ತಿಯನ್ನು ತುತ್ತತುದಿಗೆ ಏರಿಸಿದೆ. ಕತ್ತಲಲ್ಲಿ ಕಾಣು ಎಂದು ಬಲವಂತ ಮಾಡಿದರೆ ಕ್ಯಾಮೆರಾವೂ ಭಯಪಟ್ಟವರ ಹಾಗೆ ಇಲ್ಲದ್ದನ್ನೆಲ್ಲ ಕಾಣತೊಡಗುತ್ತದೆ. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ದೊಡ್ಡಪ್ಪನ ಹಣೆಯಿಂದ ಪುರೋಹಿತರ ಹೊಟ್ಟೆಯವರೆಗೆ ಎಲ್ಲೆಲ್ಲೂ ಕೆಂಪು, ಹಸಿರು, ನೇರಳೆ ಚುಕ್ಕೆಗಳು. ಸಮಸ್ತ ಬಂಧುಬಳಗಕ್ಕೆ ಒಂದೇ ಮುಹೂರ್ತದಲ್ಲಿ ದಡಾರ ಎದ್ದಂತಿತ್ತು.

"ಎಂತದು ಮಾರಾಯ್ತಿ ಇದು?" ಎಂದರು ದೊಡ್ಡಮ್ಮ.

"ಇದು ರುಬ್ಬಿಟ್ಟ ಹಿಟ್ಟು ದೊಡ್ಡಮ್ಮ. ದೋಸೆ ಇನ್ನು ಹೊಯ್ಯಬೇಕು."

"ಹಿಟ್ಟಿನಲ್ಲಿ ಕಲ್ಲು ಉಂಟಲ್ಲ?"

"ಕಲ್ಲು ತೆಗೆಯಲಿಕ್ಕೆ ಸಾಫ್ಟ್‌ವೇರ್ ಉಂಟು."

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಆದರೆ ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಆಲ್ಬಮ್ ಅಲ್ಲ, ಪುರಾವೆ. ದೊಡ್ಡಪ್ಪನ ಅಕ್ಕ, ನನ್ನ ಸರೋಜತ್ತೆ, ಅಣ್ಣಾ ನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ವರ್ಷದ ಹಿಂದೆ ಹೋಟೆಲಿನಲ್ಲಿ ಊಟ ಮಾಡಿ ಕೈ ತೊಳೆಯುತ್ತಾ, "ಸಾಂಬಾರಿಗೆ ಬೆಲ್ಲ ಹಾಕುವುದನ್ನು ನೀವು ಬಿಟ್ಟೇಬಿಟ್ರಾ?" ಎಂದು ಕೇಳಿದ್ದರು. ನೋಡುವವರಿಗೆ ಇದು ಒಂದು ಪ್ರಶ್ನೆ. ಉಡುಪಿಯ ಅಡುಗೆಯವರಿಗೆ ಇದು ಮತಾಂತರದ ಆರೋಪ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಷಷ್ಟ್ಯಬ್ದಿಗೆ ಅತ್ತೆ ಬಂದರು, ಮುಂದಿನ ಸಾಲಿನಲ್ಲೇ ನಿಂತರು. ಆದರೆ ದೊಡ್ಡಪ್ಪ ಎರಡನೆಯ ಬಾರಿ ತಾಳಿ ಕಟ್ಟುವಾಗ, ಗಟ್ಟಿಮೇಳದ ನಡುವೆ ಎಲ್ಲರೂ ಅಕ್ಷತೆ ಹಾಕಿದರೂ ಅತ್ತೆ ಹಾಕಲಿಲ್ಲವಂತೆ. ಮುಷ್ಟಿ ಮುಚ್ಚಿಯೇ ಇತ್ತಂತೆ. ತಲೆ ತಗ್ಗಿಸಿ ಕುಳಿತ ದೊಡ್ಡಮ್ಮ ಓರೆಗಣ್ಣಿನಲ್ಲಿ ಇದನ್ನು ಕಂಡಿದ್ದರು.

"ಹಿರಿಯವರು ಅಕ್ಷತೆ ಹಿಡಿದು ನಿಂತು ಹಾಕದಿದ್ರೆ ಎಂತ ಅರ್ಥ? ಅವರ ಮೊಮ್ಮಗುವಿನ ನಾಮಕರಣಕ್ಕೆ ನಾನು ಕಾಲಿಡುವುದಿಲ್ಲ. ಇವರನ್ನೂ ಕಳಿಸುವುದಿಲ್ಲ" ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. ನಾಮಕರಣಕ್ಕೆ ಹತ್ತು ದಿನ ಉಳಿದಿತ್ತು. ಸ್ವಂತ ಅಕ್ಕನ ಮನೆಯ ಸಂಭ್ರಮಕ್ಕೆ ಹೋಗಲಾರದ ದೊಡ್ಡಪ್ಪ ಕಾಫಿ ಫಿಲ್ಟರನ್ನು ಸುಮ್ಮಸುಮ್ಮನೆ ತಟ್ಟುತ್ತಾ ನಿಂತಿದ್ದರು. ಆಗ ಸಿದ್ಧಾಂತ ನನ್ನ ಬಾಯಿಯಿಂದ ಹಾರಿತು: "ಊಹೆಯ ಮೇಲೆ ಯಾರನ್ನೂ ಶಿಕ್ಷಿಸುವಂತಿಲ್ಲ. ನನ್ನ ಹತ್ತಿರ ಆ ಕ್ಷಣದ ಚಿತ್ರವಿದೆ. ಚುಕ್ಕೆ ತೆಗೆದು ತೋರಿಸುತ್ತೇನೆ."

ಮೂರು ಸಾಫ್ಟ್‌ವೇರ್‌ಗಳನ್ನು ಇಳಿಸಿಕೊಂಡೆ. ಮೂರೂ ಪರೀಕ್ಷೆಗೆಂದು ಬಿಟ್ಟಿ ಕೊಡುವಂಥವು. ಮೊದಲನೆಯದು ಗುಂಡಿ ಒತ್ತಿದೊಡನೆ ಚುಕ್ಕೆಗಳನ್ನೆಲ್ಲ ನುಂಗಿ ತೇಗಿತು. ಜೊತೆಗೆ ದೊಡ್ಡಪ್ಪನ ಸುಕ್ಕು, ಮೀಸೆಯ ಒಂದು ಭಾಗ ಮತ್ತು ಇಡೀ ಮಂಟಪದ ಅಕ್ಷತೆಯನ್ನೂ ನುಂಗಿತು. ಗಾಳಿಯಲ್ಲಿ ಒಂದು ಕಾಳೂ ಇಲ್ಲ. ಎಪ್ಪತ್ತು ಜನ ಬಂಧುಗಳು ಬರಿಗೈ ಎತ್ತಿಕೊಂಡು, ಪೊಲೀಸರಿಗೆ ಶರಣಾದವರಂತೆ ನಿಂತಿದ್ದರು. ಕಚೇರಿಯಲ್ಲಿ ಪಕ್ಕದ ಮೇಜಿನ ಗೆಳತಿ ಸೆಲ್ವಿ ಬಗ್ಗಿ ನೋಡಿ, "ಯಾರು ಇದು, ಜವುಳಿ ಅಂಗಡಿ ಬೊಂಬೆಯಾ?" ಎಂದು ದೊಡ್ಡಪ್ಪನನ್ನು ತೋರಿಸಿದಳು. ಎರಡನೆಯದು ತಕ್ಕಮಟ್ಟಿಗೆ ಸಭ್ಯವಾಗಿತ್ತು. ಆದರೆ ಹಣ ಕೊಡದ ಗಿರಾಕಿಯ ಚಿತ್ರದ ಮೇಲೆ 'ಟ್ರಯಲ್' ಎಂದು ಅಡ್ಡಡ್ಡ ಬರೆಯುವುದು ಅದರ ಪದ್ಧತಿ. ಮೂವತ್ತೈದು ವರ್ಷ ಸಂಸಾರ ಮಾಡಿ ಮತ್ತೊಮ್ಮೆ ತಾಳಿ ಕಟ್ಟುತ್ತಿರುವ ದಂಪತಿಗಳ ಎದೆಯ ಮೇಲೆ ಅದು ಆ ಮುದ್ರೆ ಒತ್ತಿತು. ದೊಡ್ಡಪ್ಪನಿಗೆ ಮಾತ್ರ ಅದು ಬಹಳ ಹಿಡಿಸಿತು. "ಸರಿಯಾಗಿಯೇ ಬರೆದಿದೆ, ಇರಲಿ ಬಿಡು" ಎಂದರು.

ನಾನು ನಿಜವಾಗಿ ಹೆದರಿದ್ದು ಮೂರನೆಯದಕ್ಕೆ. ಅದರಲ್ಲಿ ಸೊನ್ನೆಯಿಂದ ನೂರರವರೆಗೆ ಜಾರಿಸುವ ಒಂದು ಗುಬುಟು. ನಲವತ್ತಕ್ಕೆ ಇಟ್ಟರೆ ಸರೋಜತ್ತೆಯ ಕೈಯ ಮುಂದೆ ಐದು ಕಲೆಗಳು ಸ್ಪಷ್ಟವಾಗಿ ದೊಡ್ಡಮ್ಮನ ತಲೆಯ ಕಡೆಗೆ ಹಾರುತ್ತಿದ್ದವು: ಅತ್ತೆ ಹಾಕಿದ್ದಾರೆ. ಅರವತ್ತಕ್ಕೆ ಜಾರಿಸಿದರೆ ಕಲೆಗಳಿಲ್ಲ: ಹಾಕಿಲ್ಲ. ಐವತ್ತೆರಡಕ್ಕೆ ಎರಡೂವರೆ ಕಾಳು. ಹಿರಿಯರ ಆಶೀರ್ವಾದವೊಂದು ನನ್ನ ತೋರುಬೆರಳಿನ ಕೆಳಗೆ ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು. ಇಷ್ಟು ಅಧಿಕಾರವನ್ನು ಒಬ್ಬ ವ್ಯಕ್ತಿಯ ಕೈಗೆ ಕೊಡಬಾರದೆಂದು ನಾನು ಪರೀಕ್ಷೆಯಲ್ಲಿ ಉತ್ತರ ಬರೆದವಳು! ಸಾಫ್ಟ್‌ವೇರ್ ತಯಾರಕರಿಗೆ ಪತ್ರ ಬರೆದೆ: ಅಕ್ಷತೆಗೂ ಚುಕ್ಕೆಗೂ ಇರುವ ಭೇದವನ್ನು ತಾವು ಯಾವ ಆಧಾರದ ಮೇಲೆ ನಿರ್ಣಯಿಸುತ್ತೀರಿ, ಹೊಣೆ ಯಾರು? ಎರಡೇ ದಿನದಲ್ಲಿ ಬಹಳ ವಿನಯದ ಉತ್ತರ ಬಂತು. 'ಅಕ್ಷತೆ' ಎಂಬುದು ಯಾವ ಕಂಪನಿಯ ಲೆನ್ಸು ಎಂದು ಕೇಳಿದ್ದರು.

ಕೊನೆಗೆ ಉಭಯ ಪಕ್ಷಗಳ ಸಮಕ್ಷಮ ವಿಚಾರಣೆ ನಡೆಸುವುದೊಂದೇ ನ್ಯಾಯವೆಂದು ತೀರ್ಮಾನಿಸಿ, ಭಾನುವಾರ ಮೂರು ಗಂಟೆಗೆ, ಊಟ ಮುಗಿದು ಸಂಜೆಯ ತಿಂಡಿ ಶುರುವಾಗದ ಹೊತ್ತಿನಲ್ಲಿ, ಹೋಟೆಲಿನ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೆ. ಅತ್ತೆ ಅಣ್ಣಾ ನಗರದಿಂದ ಆಟೋದಲ್ಲಿ ಬಂದರು. ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತರು. ನಲವತ್ತಕ್ಕೆ ಇಟ್ಟು ತೋರಿಸಿದೆ. ನಾನು ಧರ್ಮದ ಪಕ್ಷದಲ್ಲಿದ್ದೆ, ನಾಮಕರಣದ ಪಕ್ಷದಲ್ಲೂ ಇದ್ದೆ.

"ನೋಡಿ ದೊಡ್ಡಮ್ಮ, ಐದು ಕಾಳು."

ದೊಡ್ಡಮ್ಮ ತಿರುಗಿದರು. ದಿನಕ್ಕೆ ಮಣಗಟ್ಟಲೆ ಅಕ್ಕಿ ಆರಿಸಿದ ಕಣ್ಣು ಅದು. "ಇದರಲ್ಲಿ ಒಂದು ನೇರಳೆ ಉಂಟಲ್ಲ? ನೇರಳೆ ಅಕ್ಷತೆ ಯಾವ ಊರಿನದ್ದು?"

"ಅದು... ಕ್ಯಾಮೆರಾದ ಭ್ರಮೆ."

"ಉಳಿದ ನಾಲ್ಕು?"

ಸರೋಜತ್ತೆ ಸೆರಗನ್ನು ಕೊಡವಿದರು. "ವಾರಿಜ, ನಾನು ಹಾಕಿದ್ದೆ. ಸ್ವಲ್ಪ ತಡವಾಗಿ ಹಾಕಿದ್ದು. ಎದುರಿಗೆ ಇವಳು ಅಡ್ಡ ನಿಂತಿದ್ದಳು ಮಾರಾಯ್ತಿ! ಇವಳ ಬೆನ್ನಿಗೆ ಬೀಳ್ತದೆ ಅಂತ ಮುಷ್ಟಿ ಹಿಡ್ಕೊಂಡು ಕಾದೆ. ಇವಳು ಪಕ್ಕಕ್ಕೆ ಸರಿದು ಕುಕ್ಕರುಗಾಲಲ್ಲಿ ಕೂತ ಮೇಲೆ ಹಾಕಿದೆ."

ದೊಡ್ಡಮ್ಮ ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿದರು. "ಹೌದತ್ತಿಗೆ. ಮುಷ್ಟಿ ಕಂಡದ್ದಷ್ಟೇ, ಆಮೇಲೆ ಇವಳೇ ನನಗೂ ಅಡ್ಡ. ತಾಳಿ ಕಟ್ಟುವಾಗ ಭಾವನ ಮುಖವೇ ಕಾಣಲಿಲ್ಲ ಅಂತ ನನ್ನ ತಂಗಿ ಅತ್ತದ್ದು." ಒಂದು ವರ್ಷದ ಮೌನ ಹೀಗೆ, ನನ್ನ ಬೆನ್ನಿನ ಮೇಲೆ ಹೆಜ್ಜೆಯಿಟ್ಟು ದಾಟಿಹೋಯಿತು. ದೊಡ್ಡಪ್ಪ ಒಳಗಿನಿಂದ ನಾಲ್ಕು ಲೋಟ ಕಾಫಿ ತಂದಿಟ್ಟರು. ನಾನು ಸಂತೋಷದಿಂದ ಲ್ಯಾಪ್‌ಟಾಪು ಮುಚ್ಚುವುದರಲ್ಲಿದ್ದೆ.

ಆಗ ಅತ್ತೆ ಕಾಫಿ ಆರಿಸುತ್ತಾ, "ಅಲ್ಲ, ನಿನ್ನ ಎರಡು ಕೈಯಲ್ಲೂ ಕ್ಯಾಮೆರಾ ಇತ್ತು. ನೀನು ಅಕ್ಷತೆ ಹಾಕಿದ್ದು ಯಾವ ಕೈಯಲ್ಲಿ?" ಎಂದರು.

ಇಬ್ಬರೂ ನನ್ನನ್ನೇ ನೋಡಿದರು. ಸಾವಿರದ ಇನ್ನೂರು ಚಿತ್ರಗಳಲ್ಲಿ, ಯಾವ ಸಾಫ್ಟ್‌ವೇರಿನ ಯಾವ ಅಂಕಿಯಲ್ಲೂ, ದಂಪತಿಗಳಿಗೆ ಅಕ್ಷತೆ ಹಾಕಲಿಲ್ಲವೆಂದು ನಿಸ್ಸಂಶಯವಾಗಿ ಸಾಬೀತಾಗಿದ್ದವಳು ನಾನೊಬ್ಬಳೇ.

"ಹೊಣೆಗಾರಿಕೆ ಅಂತ ಒಂದು ಪದ ಹೇಳ್ತಾ ಇದ್ದೆಯಲ್ಲ, ಅದು ಎಂತದು?" ಎಂದು ದೊಡ್ಡಮ್ಮ ಬಹಳ ಮೃದುವಾಗಿ ಕೇಳಿ, ದೇವರ ಪಟದ ಮುಂದಿನ ಅಕ್ಷತೆಯ ಬಟ್ಟಲನ್ನು ತಂದು ನನ್ನ ಮುಂದೆ ಹಿಡಿದರು. ದೊಡ್ಡಪ್ಪನನ್ನು ಪಕ್ಕಕ್ಕೆ ಎಳೆದು ಗಲ್ಲಾದ ಎದುರು ಜೋಡಿಯಾಗಿ ನಿಂತರು. ನಾನು ಹಿಡಿತುಂಬ ತೆಗೆದು ಹಾಕಿದೆ. ಒಂದೆರಡು ಕಾಳು ದೊಡ್ಡಪ್ಪನ ಕಾಫಿಗೂ ಬಿದ್ದವು.

"ಹಾಕಿದೆ" ಎಂದೆ, ಎದೆಯುಬ್ಬಿಸಿ.

ಸರೋಜತ್ತೆ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದರು. "ನಾವು ಯಾರೂ ನೋಡ್ಲಿಲ್ಲ ಮಾರಾಯ್ತಿ" ಎಂದು ಅತ್ತಿಗೆ ನಾದಿನಿಯರು ಒಂದೇ ಉಸಿರಿನಲ್ಲಿ ಹೇಳಿದರು. "ಫೋಟೋ ಉಂಟಾ?"