ಮಾವನಿಗೊಂದು ಟಾವೆಲ್

ಪ್ರೀತಿಗೆ ಜಾತಿ ಅಡ್ಡ ಬರುತ್ತದೆ, ಜಾತಕ ಅಡ್ಡ ಬರುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಟಾವೆಲ್ ಅಡ್ಡ ಬರುತ್ತದೆ ಎಂದು ಒಬ್ಬರಾದರೂ ಹೇಳಬೇಡವೇ?

ಚಿತ್ತಾಪುರದ ನಾನು, ಸೇಡಂನ ಜಯಮಾಲಾ ಮೂರು ವರ್ಷದಿಂದ ಪ್ರೀತಿಸುತ್ತಿದ್ದವರು. ನಮ್ಮಪ್ಪ ಒಂದು ಪಕ್ಷದ ಪರಮಭಕ್ತ. ಅವಳಪ್ಪ ಶಿವರಾಯರು ಎದುರು ಪಕ್ಷದ ಮಹಾಭಕ್ತ. ದೇಶವೇ ಎರಡು ಹೋಳಾಗಿ ಕೂತಿರುವಾಗ ಇವರಿಬ್ಬರನ್ನು ಒಂದೇ ಜಮಖಾನದ ಮೇಲೆ ಕೂರಿಸಲು ಪಟ್ಟ ಪಾಡು ನಮಗೇ ಗೊತ್ತು. ಅಂತೂ ನಿಶ್ಚಯಕ್ಕೆ ಒಪ್ಪಿದರು. ಆದರೆ ನಮ್ಮ ಕಡೆ ಬೀಗರು ಪರಸ್ಪರ ಟಾವೆಲ್ ಹೊದಿಸದೆ ನಿಶ್ಚಯವಾಗುವುದಿಲ್ಲ. ಜಯಮಾಲಾ ಫೋನಿನಲ್ಲಿ ಎಚ್ಚರಿಸಿದಳು: "ಬಣ್ಣ ನೋಡಿ ತರ್ರಿ. ಅಪ್ಪ ಎದ್ದು ಹೋದ್ರ ನಾ ಹೊಣಿ ಅಲ್ಲ."

ವಾಡಿಯ ಮುಬೀನನ ಬಟ್ಟೆ ಅಂಗಡಿಯಲ್ಲಿ ಸರ್ವಪಕ್ಷ ಸಭೆ ನಡೆಸಿದೆ. (ಹಾಜರಿದ್ದವರು ನಾವಿಬ್ಬರೇ.) ಕೇಸರಿ ಬೇಡ, ನೀಲಿ ಬೇಡ, ಹಸಿರು ಬೇಡ, ಕೆಂಪಂತೂ ಬೇಡವೇ ಬೇಡ.

"ಗುಲಾಬಿ ಒಯ್ರಿ ಸಾಹೇಬ್ರ," ಎಂದ ಮುಬೀನ.

"ಚಿಂಚೋಳಿ ದಾಟಿ ಆ ಕಡಿ ರಾಜ್ಯಕ್ಕ ಹೋದ್ರ ಅದೂ ಒಂದು ಪಕ್ಷದ್ದಪಾ."

"ಹಂಗಾರ ಬಿಳಿ?"

"ಶರಣಾಗು ಅಂತೀಯೇನು ಅಂತ ಇಬ್ರೂ ಜಗಳ ತಗೀತಾರ."

ಕೊನೆಗೆ ಶಹಾಬಾದ ಫರಸಿ ಕಲ್ಲಿನಂಥ ಬೂದಿ ಬಣ್ಣದವು ಎರಡು ಕಟ್ಟಿಸಿಕೊಂಡೆ. ನನ್ನ ರಾಜತಾಂತ್ರಿಕ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ನಿಶ್ಚಯದ ದಿನ ಹೊದಿಸಿದ್ದೇ ತಡ, ಶಿವರಾಯರು ಟಾವೆಲ್ಲನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಇದ್ಯಾವ ಪಕ್ಷದ್ದಪಾ?"

"ಯಾವುದೂ ಅಲ್ರಿ ಮಾವಾರ."

"ಮತ್ತ ನೀ?"

"ನಾನೂ ಯಾವುದೂ ಅಲ್ರಿ. ಆ ಹೊತ್ತಿಗೆ ಯಾರು ಚಲೋ ಅನಿಸ್ತಾರ, ಅವ್ರಿಗೆ ಓಟು ಹಾಕ್ತೀನ್ರಿ."

ಜಮಖಾನದ ಎರಡೂ ತುದಿಯಿಂದ ಇಬ್ಬರೂ ನನ್ನತ್ತ ತಿರುಗಿದರು. ಮೊದಲು ಸಿಡಿದವರು ನಮ್ಮಪ್ಪ. "ಅಂದ್ರ ನನ್ನ ಪಕ್ಷಕ್ಕ ಹಾಕಿಲ್ಲೇನಲೇ?"

"ನಮಗೂ ಹಾಕಿಲ್ಲ!" ಎಂದು ಶಿವರಾಯರು ಸರಿದು ಸರಿದು ಅಪ್ಪನ ಪಕ್ಕಕ್ಕೇ ಬಂದರು. "ನೋಡ್ರಿ ಬೀಗರ, ನೀವು ಮೂವತ್ತು ವರ್ಷ ಒಂದ ಕಡಿ ನಿಂತೀರಿ, ನಾನೂ ನಿಂತೀನಿ. ಸಲಕ್ಕೊಮ್ಮಿ ಚಲೋದು ಹುಡುಕಾಂವ ನನ್ನ ಮಗಳ ಜೋಡಿ ಎಷ್ಟು ದಿನ ಇರ್ತಾನ?"

"ಖರೇ ಅದರಿ," ಎಂದರು ಅಪ್ಪ. (ಹೆತ್ತ ಅಪ್ಪ!)

ದಿಕ್ಕು ತೋಚದೆ ಬಾಗಿಲಲ್ಲಿ ನಿಂತ ಜಯಮಾಲಾಳತ್ತ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು, ಅನುಮಾನದಿಂದ.

ನಿಶ್ಚಯ ನಿಂತಿದೆ. ಯಾವುದಾದರೂ ಒಂದು ಪಕ್ಷ ಸೇರುವ ತನಕ (ಯಾವುದಾದರೂ ಸರಿ, ತಕರಾರಿಲ್ಲವಂತೆ) ಸೇಡಂ ಮನೆಗೆ ನನಗೆ ಪ್ರವೇಶವಿಲ್ಲ. ಅಪ್ಪ ಮಾತ್ರ ವಾರಕ್ಕೆರಡು ಸಲ ಹೋಗಿ ಶಿವರಾಯರ ಜೊತೆ ಕೂತು ಉಂಡು ಬರುತ್ತಾರೆ. ಬಂದವರೇ ಕೈ ಮೂಸಿಕೊಂಡು, "ಜಯಮಾಲಾ ಹೋಳಿಗಿ ಭಾಳ ಚಲೋ ಮಾಡ್ತಾಳಪಾ," ಎನ್ನುತ್ತಾರೆ.