ಗೇಜಿನ ಮುಳ್ಳೂ ನನ್ನ ರಕ್ತದೊತ್ತಡವೂ

ಮನುಷ್ಯರ ಮಾತಿಗಿಂತ ಗೇಜಿನ ಮುಳ್ಳನ್ನು ಹೆಚ್ಚು ನಂಬಿ ಬದುಕಿದವನು ನಾನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಊಟಕ್ಕೆ ಕೂತ ನೆಂಟರು ಹೊಟ್ಟೆ ತುಂಬಿತು ಎನ್ನುತ್ತಾರೆ, ಹೋಳಿಗೆಯ ತಟ್ಟೆ ಹತ್ತಿರ ಬಂದಾಗ ಎಲೆಗೆ ಕೈ ಅಡ್ಡ ಇಡುವುದಿಲ್ಲ. ಎದುರು ಮನೆಯವರು ‘ಬನ್ನಿ ಬನ್ನಿ, ಏನೂ ಕೆಲಸ ಇರ್ಲಿಲ್ಲ’ ಎನ್ನುತ್ತಾ ಹತ್ತು ನಿಮಿಷಕ್ಕೆ ನಾಲ್ಕು ಸಲ ಗಡಿಯಾರ ನೋಡುತ್ತಾರೆ. ಗೇಜಿಗೆ ಈ ದಾಕ್ಷಿಣ್ಯವಿಲ್ಲ. ಪೈಪಿನಲ್ಲಿ ಒತ್ತಡ ನಾಲ್ಕಿದ್ದರೆ ನಾಲ್ಕು ಎನ್ನುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಇಪ್ಪತ್ತಾರು ವರ್ಷ ಇಂಥವುಗಳ ಸಹವಾಸ ಮಾಡಿದ ಮೇಲೆ ನಾನೂ ಹಾಗೇ ಆಗಿದ್ದೇನೆಂದು ತಿಳಿದಿದ್ದೆ. ತಿಳಿದಿದ್ದೆ ಎಂದು ಯಾಕೆ ಹೇಳಬೇಕಾಯಿತೆಂಬುದೇ ಈ ಪ್ರಬಂಧ.

ನನ್ನ ಕೆಲಸದ ಹೆಸರು ಯುಟಿಲಿಟಿ ಆಪರೇಟರ್. ಹೆಸರಿನ ಹಿಂದೆ ಈಗ ಸೀನಿಯರ್ ಎಂದೂ ಸೇರಿದೆ. ಮದುವೆ ಮನೆಗಳಲ್ಲಿ ಇದನ್ನು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ‘ಅಂದ್ರೆ ಎಲೆಕ್ಟ್ರಿಷಿಯನ್ನಾ?’ ಎನ್ನುತ್ತಾರೆ. ಅಲ್ಲ ಎಂದರೆ, ‘ಹಾಗಾದ್ರೆ ಎ.ಸಿ. ರಿಪೇರಿನಾ? ನಮ್ಮನೆ ಎ.ಸಿ. ಸ್ವಲ್ಪ ನೋಡ್ಬೇಕಿತ್ತಲ್ಲ’ ಎನ್ನುತ್ತಾರೆ. ದೊಡ್ಡನೆಕ್ಕುಂದಿಯಲ್ಲಿ ಹನ್ನೊಂದು ಮಹಡಿಯ ಒಂದು ಗಾಜಿನ ಕಟ್ಟಡವಿದೆ. ಅದರ ಹೊಟ್ಟೆಯೊಳಗೆ, ಎರಡನೇ ಬೇಸ್‌ಮೆಂಟಿನ ಪ್ಲಾಂಟ್ ರೂಮಿನಲ್ಲಿ, ನೀರನ್ನು ತಣ್ಣಗೆ ಮಾಡುವ ಚಿಲ್ಲರ್‌ಗಳು, ಆ ನೀರನ್ನು ಮೇಲಕ್ಕೆ ತಳ್ಳುವ ಪಂಪುಗಳು, ಕರೆಂಟು ಹೋದರೆ ಗುಡುಗುವ ಜನರೇಟರುಗಳು ಇವೆ. ಇವೆಲ್ಲ ನನ್ನ ಸಂಸಾರ. ಒಂದು ಪಂಪು ಓಡುತ್ತಿದ್ದರೆ ಪಕ್ಕದಲ್ಲಿ ಇನ್ನೊಂದು ಸ್ಟ್ಯಾಂಡ್‌ಬೈ ಆಗಿ ನಿಂತಿರುತ್ತದೆ, ಇದು ಕೈಕೊಟ್ಟರೆ ಅದು ಏಳಬೇಕು. ಮೇಲೆ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುವವರಿಗೆ ನಾವು ಇದ್ದೇವೆಂದು ಗೊತ್ತಾಗುವುದು ಎ.ಸಿ. ನಿಂತಾಗ ಮಾತ್ರ. ನನಗೇನೂ ಬೇಸರವಿಲ್ಲ. ಅವರು ನಮ್ಮನ್ನು ಮರೆತಿದ್ದಾರೆಂದರೆ ಎಲ್ಲ ಸರಿಯಾಗಿ ಓಡುತ್ತಿದೆ ಎಂದೇ ಅರ್ಥ.

ಗಂಟೆಗೊಮ್ಮೆ ಎಲ್ಲ ಗೇಜುಗಳ ಮುಂದೆ ಹೋಗಿ ನಿಂತು, ಮುಳ್ಳು ತೋರಿಸಿದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಇದಕ್ಕೆ ರೀಡಿಂಗ್ ತೆಗೆಯುವುದು ಎನ್ನುತ್ತೇವೆ. ಈ ಕಸುಬಿನ ದೊಡ್ಡ ಪಾಪವೆಂದರೆ ಕುರ್ಚಿಯಲ್ಲಿ ಕೂತೇ ರೀಡಿಂಗ್ ಬರೆಯುವುದು. ಬೆಳಿಗ್ಗೆ ನಾಲ್ಕು ಪಾಯಿಂಟ್ ಎರಡು ಇತ್ತು, ಮಧ್ಯಾಹ್ನ ಇನ್ನೇನಾಗಿರುತ್ತೆ ಎಂದುಕೊಂಡು ಬರೆದುಬಿಡುವುದು. ಅಂಥವರನ್ನು ಹಿಡಿಯಲು ನನ್ನ ಬಳಿ ಒಂದು ಉಪಾಯವಿದೆ. ಗೇಜಿನ ಕೆಳಗೆ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಗೇಜಿನಲ್ಲಿ ಉಳಿದ ಒತ್ತಡವನ್ನು ಬಿಟ್ಟುಬಿಟ್ಟರೆ ಮುಳ್ಳು ಸೊನ್ನೆಗೆ ಬಂದು ಕೂರುತ್ತದೆ. ಪಂಪು ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. ಆಮೇಲೆ ನಾನು ಕಾಫಿ ಕುಡಿಯುತ್ತಾ ಕಾಯುತ್ತೇನೆ. ಗೇಜಿನ ಹತ್ತಿರ ಹೋದವನು ‘ಸಾರ್, ಗೇಜ್ ಜೀರೋ ತೋರಿಸ್ತಿದೆ’ ಎಂದು ಓಡಿ ಬರುತ್ತಾನೆ. ಹೋಗದವನು ನಾಲ್ಕು ಪಾಯಿಂಟ್ ಎರಡು ಎಂದು ಬರೆಯುತ್ತಾನೆ.

ಹೀಗೆ ಸಿಕ್ಕಿಬಿದ್ದವರಲ್ಲಿ ಕೊನೆಯವನು ಶರಣಬಸಪ್ಪ. ಸೇಡಂ ಕಡೆಯವನು, ಮೂವತ್ತೈದು ದಾಟಿದವನು, ಹೆಂಡತಿಯೊಂದಿಗೆ ಅಲ್ಲೇ ಹತ್ತಿರದಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದಾನೆ. ಮಧ್ಯಾಹ್ನ ಎರಡಕ್ಕೆ ನನ್ನ ಪಾಳಿ ಮುಗಿದಾಗ ನನ್ನನ್ನು ಬಿಡಿಸಲು ಬರುವವನು ಅವನೇ. ಒಂದು ದಿನ ನಾನು ಬೇಕೆಂದೇ ಸಂಜೆಯವರೆಗೆ ಉಳಿದು ನೋಡಿದರೆ, ಮುಳ್ಳು ಸೊನ್ನೆಯಲ್ಲಿದ್ದ ಮೂರೂ ಗಂಟೆಗಳ ರೀಡಿಂಗನ್ನು ಅವನು ಗುಂಡಗಿನ ಅಕ್ಷರದಲ್ಲಿ ನಾಲ್ಕು ಪಾಯಿಂಟ್ ಎರಡು ಎಂದೇ ಬರೆದಿದ್ದ. ಪ್ಲಾಂಟ್ ರೂಮಿನಲ್ಲಿ ಸೆಕ್ಯುರಿಟಿಯವರು, ಹೌಸ್‌ಕೀಪಿಂಗಿನವರು ಎಲ್ಲರೂ ಇರುವಾಗಲೇ ಅವನನ್ನು ಕರೆದು ನಿಲ್ಲಿಸಿಕೊಂಡೆ. ‘ಗೇಜ್ ಏನ್ ತೋರಿಸುತ್ತೋ ಅದನ್ನ ಬರೀಬೇಕು. ನಿನಗೇನ್ ಇಷ್ಟವೋ ಅದನ್ನಲ್ಲ. ಗೇಜು ಒಂದ್ಸಲ ಹೇಳುತ್ತೆ, ಎರಡ್ನೇ ಸಲ ಕೇಳೋ ಪದ್ಧತಿ ನಮ್ಮಲ್ಲಿಲ್ಲ’ ಎಂದೆ. ಇನ್ನೂ ಬಹಳ ಹೇಳಿದೆ. ಆ ದಿನ ಕಂಠವೂ ಚೆನ್ನಾಗಿತ್ತು. ಅವನು ತಲೆ ತಗ್ಗಿಸಿ, ‘ತಪ್ಪಾಗ್ಯಾದ್ರಿ ಸರ್’ ಎಂದಷ್ಟೇ ಹೇಳಿದ. ಅವತ್ತು ಜೊತೆಯವನು ರಜೆಯಲ್ಲಿದ್ದು, ಇವನೊಬ್ಬನೇ ಟೆರೇಸಿಗೂ ಬೇಸ್‌ಮೆಂಟಿಗೂ ಓಡಾಡುತ್ತಿದ್ದನೆಂದು ಆಮೇಲೆ ತಿಳಿಯಿತು. ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಈ ವಿಜಯವನ್ನು ನನ್ನ ಹೆಂಡತಿ ಪ್ರಮೀಳಾಗೆ ಸವಿಸ್ತಾರವಾಗಿ ವರ್ಣಿಸಿದೆ. ವಾಲ್ವ್ ಹೇಗೆ ಮುಚ್ಚುವುದು, ಮುಳ್ಳು ಹೇಗೆ ಬೀಳುತ್ತದೆ, ಎಲ್ಲವನ್ನೂ ಸಾರಿನ ಸೌಟು ಹಿಡಿದು ತೋರಿಸಿದೆ. ನನ್ನ ಕೆಲಸದ ವಿಷಯ ಹೇಳಲು ಶುರುಮಾಡಿದರೆ ಅವಳು ಸಾಮಾನ್ಯವಾಗಿ ಒಗೆದ ಬಟ್ಟೆ ತೆಗೆಯಲು ಎದ್ದು ಹೋಗುತ್ತಾಳೆ. ಅಂದು ಕೂತು ಕೇಳಿದಳು, ‘ಅವ್ರಿಗೆ ಗೊತ್ತೇ ಆಗಲ್ವಾ?’ ಎಂದು ಪ್ರಶ್ನೆಯನ್ನೂ ಕೇಳಿದಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ಕೊನೆಗೂ ನನ್ನ ವೃತ್ತಿಯ ಬಗ್ಗೆ ಇವಳಿಗೆ ಆಸಕ್ತಿ ಬಂತೆಂದು ನನಗೆ ಸಂತೋಷವಾಯಿತು.

ಇದಾಗಿ ತಿಂಗಳಿಗೆ ನಮ್ಮ ವಾರ್ಷಿಕ ವೈದ್ಯಕೀಯ ತಪಾಸಣೆ ಬಂತು. ಕಂಪನಿಯ ಡಾಕ್ಟರಮ್ಮನ ಕ್ಲಿನಿಕ್ ಇಂದಿರಾನಗರದಲ್ಲಿ, ಒಂದು ಕಾಲದ ಬಂಗಲೆಯ ಮೊದಲ ಮಹಡಿಯಲ್ಲಿದೆ. ಕೆಳಗೆ ಕೇಕಿನ ಅಂಗಡಿ. ಬೆಣ್ಣೆಯ ಪರಿಮಳದಲ್ಲಿ ಮೆಟ್ಟಿಲು ಹತ್ತಿಸಿ, ಮೇಲೆ ಕೂರಿಸಿ, ಬೆಣ್ಣೆ ತಿನ್ನಬೇಡಿ ಎನ್ನುತ್ತಾರೆ. ನನ್ನ ಬಿ.ಪಿ. ಮೇಲಿನದು ನೂರ ಅರವತ್ತು, ಕೆಳಗಿನದು ನೂರು ಬಂತು. ‘ಇದು ಜಾಸ್ತಿ ಆಯ್ತು. ನಾಲ್ಕು ವಾರ ಮನೇಲೇ ದಿನಾ ನೋಡಿ, ಬರ್ಕೊಂಡು ಬನ್ನಿ. ಆಮೇಲೆ ಫಿಟ್‌ನೆಸ್ ಸರ್ಟಿಫಿಕೇಟ್ ಬಗ್ಗೆ ಯೋಚ್ನೆ ಮಾಡೋಣ’ ಎಂದರು ಡಾಕ್ಟರಮ್ಮ. ಸರ್ಟಿಫಿಕೇಟ್ ಸಿಗದಿದ್ದರೆ ನನ್ನನ್ನು ಪ್ಲಾಂಟ್ ರೂಮಿನಿಂದ ಎತ್ತಿ ಮೂರನೇ ಮಹಡಿಯ ಹೆಲ್ಪ್‌ಡೆಸ್ಕಿನಲ್ಲಿ ಕೂರಿಸುತ್ತಾರೆ. ಅಲ್ಲಿ ಮಾಡುವ ಕೆಲಸವೆಂದರೆ ‘ತುಂಬಾ ಚಳಿ’ ಎಂದು ಒಬ್ಬರೂ ‘ತುಂಬಾ ಸೆಕೆ’ ಎಂದು ಅವರ ಪಕ್ಕದ ಕುರ್ಚಿಯವರೂ ಮಾಡುವ ಫೋನ್ ಎತ್ತಿಕೊಂಡು ಸಾರಿ ಎನ್ನುವುದು. ನನಗೆ ನಿಜವಾಗಿಯೂ ಭಯವಾಯಿತು. ಆ ಪಂಪುಗಳ ಸದ್ದಿಲ್ಲದೆ ನಾನು ಏನು, ಎಷ್ಟರವನು ಎಂದು ನನಗೇ ಗೊತ್ತಿರಲಿಲ್ಲ.

ಪ್ರಮೀಳಾ ಅಂದೇ ಒಂದು ಬಿ.ಪಿ. ಮೆಷಿನ್ನು, ಒಂದು ಇನ್ನೂರು ಪುಟದ ನೋಟ್‌ಬುಕ್ಕು ತರಿಸಿದಳು. ಮೊದಲ ದಿನ ನೂರ ಐವತ್ತೆಂಟು. ಎರಡನೆಯ ದಿನ ನೂರ ಅರವತ್ತೆರಡು. ಮೂರನೆಯ ದಿನ ನನ್ನೊಳಗಿನ ತಜ್ಞ ಎಚ್ಚೆತ್ತ. ಈ ಮೆಷಿನ್ನು ಮೂವತ್ತೈದರಷ್ಟು ಹೆಚ್ಚು ತೋರಿಸುತ್ತಿದೆ, ಕಾರ್ಖಾನೆಯಲ್ಲಿ ಸರಿಯಾಗಿ ಹೊಂದಿಸಿಲ್ಲ ಎಂದು ತೀರ್ಮಾನಿಸಿದೆ. ಹಾಗಾಗಿ ಬಂದದ್ದರಲ್ಲಿ ಮೂವತ್ತೈದು ಕಳೆದು ಬರೆದೆ. ಐದನೆಯ ದಿನ ಇನ್ನೊಂದು ಯೋಚನೆ ಬಂತು. ಕಳೆದ ಮೇಲೆ ಎಷ್ಟು ಬರುತ್ತದೆಂದು ಮೊದಲೇ ಗೊತ್ತಿರುವಾಗ ತೋಳಿಗೆ ಪಟ್ಟಿ ಕಟ್ಟಿಕೊಂಡು ಒದ್ದಾಡುವುದು ಯಾಕೆ? ಅಂದಿನಿಂದ ನೇರವಾಗಿ ಬರೆಯತೊಡಗಿದೆ.

ಚೆನ್ನಾಗಿಯೇ ಬರೆದೆ. ಕಳ್ಳರನ್ನು ಹಿಡಿದು ಹಿಡಿದು ಪಳಗಿದವನಿಗೆ ಅವರ ತಪ್ಪುಗಳೆಲ್ಲ ಗೊತ್ತಿರುತ್ತವೆ. ಒಂದೇ ಅಂಕಿಯನ್ನು ಮೂರು ಸಲ ಬರೆಯಬಾರದು. ಒಂದೇ ಪೆನ್ನಿನಲ್ಲಿ ಇಡೀ ಪುಟ ತುಂಬಬಾರದು. ವಾರಕ್ಕೊಮ್ಮೆ ಸ್ವಲ್ಪ ಏರಿಸಿ, ಪಕ್ಕದಲ್ಲಿ ‘ನಾದಿನಿ ಮನೆಯವರು ಬಂದಿದ್ದರು’ ಎಂದು ಷರಾ ಹಾಕಬೇಕು. ಪುಟದ ಮೂಲೆಗೆ ಒಂದು ಹನಿ ಕಾಫಿಯನ್ನೂ ಬೀಳಿಸಿದೆ. ಇತ್ತ ಪ್ರಮೀಳಾ ದಿನವೂ ‘ನೋಡ್ಕೊಂಡ್ರಾ?’ ಎಂದು ಕೇಳುತ್ತಿದ್ದಳು. ‘ನೋಡ್ಕೊಂಡೆ ಕಣೇ, ನೂರ ಇಪ್ಪತ್ತಾರು’ ಎನ್ನುತ್ತಿದ್ದೆ. ಅವಳು ಒಂದು ಕ್ಷಣ ನಿಂತು, ‘ಸರಿ’ ಎಂದು ಒಳಗೆ ಹೋಗುತ್ತಿದ್ದಳು. ಎರಡನೆಯ ವಾರದಲ್ಲಿ, ಎಷ್ಟೋ ತಿಂಗಳಿಂದ ನಿಂತಿದ್ದ ನಮ್ಮ ನಡುಮನೆಯ ಗೋಡೆ ಗಡಿಯಾರ ತಾನಾಗಿಯೇ ಓಡತೊಡಗಿತು. ‘ನೋಡಿದ್ಯಾ, ಮನೇಲಿ ಒಂದೊಂದಾಗಿ ಎಲ್ಲಾ ಸರಿಹೋಗ್ತಿದೆ’ ಎಂದೆ. ಅದಕ್ಕೂ ಅವಳು ಸರಿ ಎಂದಳು.

ನಾಲ್ಕು ವಾರ ಕಳೆದು ಇಬ್ಬರೂ ಇಂದಿರಾನಗರಕ್ಕೆ ಹೋದೆವು. ಡಾಕ್ಟರಮ್ಮ ನೋಟ್‌ಬುಕ್ಕನ್ನು ಪುಟ ಪುಟವಾಗಿ ನೋಡಿ, ‘ಇಷ್ಟು ನೀಟಾಗಿ ಯಾರೂ ಬರ್ಕೊಂಡು ಬರಲ್ಲ’ ಎಂದರು. ನಾನು ವಿನಯದಿಂದ, ‘ಅಭ್ಯಾಸ ಮೇಡಂ, ಇಪ್ಪತ್ತಾರು ವರ್ಷದ್ದು’ ಎಂದೆ. ಆಮೇಲೆ ಅವರು ತಮ್ಮ ಪಟ್ಟಿ ಕಟ್ಟಿ ನೋಡಿದರು. ನೂರ ಅರವತ್ತನಾಲ್ಕು. ‘ಮೆಟ್ಟಿಲು ಮೇಡಂ’ ಎಂದೆ. ‘ಇರ್ಬೋದು. ಮನೆ ಮೆಷಿನ್ ಇದ್ದಿದ್ರೆ ಎರಡನ್ನೂ ಹೋಲಿಸಿ ನೋಡ್ಬೋದಿತ್ತು’ ಎಂದರು. ‘ತಂದಿದೀನಿ ಡಾಕ್ಟ್ರೇ’ ಎಂದು ಪ್ರಮೀಳಾ ತನ್ನ ಬ್ಯಾಗಿನಿಂದ ಮೆಷಿನ್ನು ತೆಗೆದು ಮೇಜಿನ ಮೇಲಿಟ್ಟಳು. ತರಲು ಅವಳಿಗೆ ನಾನು ಹೇಳಿರಲಿಲ್ಲ.

ಡಾಕ್ಟರಮ್ಮ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿ, ಮೆಷಿನ್ನನ್ನು ತಿರುಗಿಸಿ ಹಿಂದಿನ ಮುಚ್ಚಳ ತೆಗೆದರು. ಒಳಗೆ ಒಂದು ಸೆಲ್ಲೂ ಇರಲಿಲ್ಲ.

‘ನಾನೇ ತೆಗ್ದೆ’ ಎಂದಳು ಪ್ರಮೀಳಾ, ತರಕಾರಿಯ ವಿಷಯ ಹೇಳುವಷ್ಟು ಸಮಾಧಾನವಾಗಿ. ‘ಎಂಟ್ನೇ ದಿನ. ಒಂದು ಗಡಿಯಾರಕ್ಕೆ ಹಾಕ್ದೆ, ಮೂರು ಸಾಸಿವೆ ಡಬ್ಬೀಲಿದೆ.’

ಡಾಕ್ಟರಮ್ಮ ನೋಟ್‌ಬುಕ್ ನೋಡಿದರು, ನನ್ನನ್ನು ನೋಡಿದರು. ‘ಹಾಗಾದ್ರೆ ಈ ಇಪ್ಪತ್ತೊಂದು ದಿನದ ರೀಡಿಂಗು?’ ಎಂದರು. ಪ್ಲಾಂಟ್ ರೂಮಿನ ನಡುವೆ ಶರಣಬಸಪ್ಪ ಎಲ್ಲಿ ದೃಷ್ಟಿ ನೆಟ್ಟು ನಿಂತಿದ್ದನೋ, ನಾನೂ ಅಲ್ಲೇ, ನನ್ನ ಚಪ್ಪಲಿಯ ತುದಿಯಲ್ಲೇ ದೃಷ್ಟಿ ನೆಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ಬೇರೆಯವರ ಬಗ್ಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ನಾಚಿಕೆಯೆಂದರೆ ಏನೆಂದು ಅಂದು ಗೊತ್ತಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ಮಾತ್ರೆ ಬರೆದರು, ಉಪ್ಪಿನಕಾಯಿ ಬಿಡಿಸಿದರು, ಸರ್ಟಿಫಿಕೇಟನ್ನು ಇನ್ನು ನಾಲ್ಕು ವಾರ ತಡೆಹಿಡಿದರು. ‘ಈ ಸಲ ಮನೇಲಿ ಬೇಡ. ಕೆಲಸದ ಜಾಗದಲ್ಲಿ ನಿಮ್ಮವರೇ ಯಾರಾದ್ರೂ ನೋಡಿ, ಅವರೇ ಬರೆದು ಸೈನ್ ಹಾಕ್ಲಿ’ ಎಂದರು. ವಾಪಸು ಬರುವಾಗ ಆಟೋದಲ್ಲಿ ನಾನು ಸ್ವಲ್ಪ ಗದರುವ ದನಿಯಲ್ಲೇ, ‘ಮನೇಲೇ ಹೇಳ್ಬೋದಿತ್ತಲ್ಲ’ ಎಂದೆ. ಪ್ರಮೀಳಾ ಹೊರಗೆ ನೋಡುತ್ತಾ, ‘ಸೆಲ್ ಎಲ್ಲೇ ಅಂತ ಒಂದ್ಮಾತು ಕೇಳ್ತೀರೇನೋ ಅಂತ ದಿನಾ ಕಾಯ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂದಳು. ಜೀವನ್ ಭೀಮಾ ನಗರದ ತಿರುವಿನಲ್ಲಿ ಮತ್ತೆ ಬಾಯಿಬಿಟ್ಟಳು. ‘ಒಂದು ಪಂಪ್ ಕೆಟ್ರೆ ಇನ್ನೊಂದು ಸ್ಟ್ಯಾಂಡ್‌ಬೈ ಇರುತ್ತೆ ಅಂತೀರಲ್ಲ. ನನಗ್ಯಾರಿದಾರೆ?’ ಮನೆ ಬಂತು. ಇಳಿಯುವಾಗ ಮೆಷಿನ್ನಿನ ಬ್ಯಾಗನ್ನು ಅವಳ ಕೈಯಿಂದ ನಾನೇ ಇಸಿದುಕೊಂಡೆ.

ಮರುದಿನ ಎರಡು ಗಂಟೆಗೆ ಶರಣಬಸಪ್ಪ ಬಂದ. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಆದರೆ ನನ್ನ ಲಾಗ್‌ಬುಕ್ಕಿಗೆ ದಿನವೂ ಸಹಿ ಹಾಕಿ ನನ್ನನ್ನು ಬಿಡಿಸುವವನು ಅವನು. ಎಲ್ಲವನ್ನೂ ಹೇಳಿದೆ, ಇಪ್ಪತ್ತೊಂದು ದಿನದ್ದನ್ನೂ, ಸಾಸಿವೆ ಡಬ್ಬಿಯದನ್ನೂ. ಅವತ್ತು ನೀನೊಬ್ಬನೇ ಇದ್ದೆಯಾ ಎಂದು ನಾನು ಕೇಳಬೇಕಿತ್ತು ಎಂದೂ ಹೇಳಿದೆ. ಅವನು ನಗಲಿಲ್ಲ. ‘ಇರ್ಲಿ ಬಿಡ್ರಿ ಸರ್, ಕೂಡ್ರಿ’ ಎಂದು ಕುರ್ಚಿ ಎಳೆದು, ತೋಳಿಗೆ ಪಟ್ಟಿ ಕಟ್ಟಿ, ಗೇಜಿನ ಮುಂದೆ ನಿಲ್ಲುವ ಹಾಗೆಯೇ ನಿಂತು ನೋಡಿದ. ‘ನೂರಾ ಐವತ್ತಾರು ಅದರಿ ಸರ್.’

ನನಗೆ ತಡೆಯಲಾಗಲಿಲ್ಲ. ‘ಈಗ ತಾನೇ ಮೇಲಿಂದ ಇಳಿದು ಬಂದೆ ಕಣೋ. ಐದು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡು’ ಎಂದೆ.

ಅವನು ಪೆನ್ನಿನ ಕ್ಯಾಪು ತೆಗೆದು, ಬಹಳ ಮರ್ಯಾದೆಯಿಂದ, ‘ಎರಡ್ನೇ ಸಲ ಕೇಳೋ ಪದ್ಧತಿ ನಮ್ಮಲ್ಲಿಲ್ರಿ ಸರ್’ ಎಂದ. ಗುಂಡಗಿನ ಅಕ್ಷರದಲ್ಲಿ ನೂರ ಐವತ್ತಾರು ಎಂದು ಬರೆದು, ಕೆಳಗೆ ಸಹಿ ಹಾಕಿದ.

ಸಂಜೆ ಮಾತ್ರೆಯ ಜೊತೆ ನೀರು ತಂದುಕೊಟ್ಟ ಪ್ರಮೀಳಾಗೆ ಇದನ್ನೆಲ್ಲ ಹೇಳಿದೆ. ಎಷ್ಟಾದರೂ ನಾನು ತಯಾರು ಮಾಡಿದ ಹುಡುಗನಲ್ಲವೇ ಎಂಬ ಹೆಮ್ಮೆ ಮಾತ್ರ ಬಿಟ್ಟಿರಲಿಲ್ಲ. ‘ಇಪ್ಪತ್ತಾರು ವರ್ಷದಲ್ಲಿ ನನ್ನ ಹತ್ರ ಇಷ್ಟು ಚೆನ್ನಾಗಿ ಕೆಲಸ ಕಲಿತವನು ಅವನೊಬ್ನೇ’ ಎಂದೆ.

‘ಇನ್ನೊಬ್ಳೂ ಇದಾಳೆ’ ಎಂದು ಅವಳು ಖಾಲಿ ಲೋಟ ತೆಗೆದುಕೊಂಡು ಹೋದಳು.