ಕೂರುವ ಮಸೂದೆ ಮತ್ತು ನಮ್ಮ ಮನೆಯ ಇಂಟರ್ನ್

ಸಾರ್ವಜನಿಕ ಹಿತಕ್ಕಾಗಿ ಶಾಸಕರ ಬೆನ್ನು ಹತ್ತುವ ಕಚೇರಿಯ ವಿದ್ಯಾರ್ಥಿ ತರಬೇತಿ ನಿರ್ದೇಶಕರ ಸನ್ನಿಧಾನಕ್ಕೆ, ಬಟ್ಟೆ ಅಂಗಡಿಯ ಸೇಲ್ಸ್ ಹೆಂಗಸೊಬ್ಬಳ ಭಯಭಕ್ತಿಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಏಕೆಂದರೆ ಮೊನ್ನೆ ಕೆಟ್ಟ ಕನಸು ಬಿತ್ತು. ಶಾಸಕರ ಸಮಿತಿಯವರೆಲ್ಲ ನಮ್ಮ ಕೌಂಟರಿನ ಮುಂದೆ ಕೂತಿದ್ದರು, ನಾನು ಮೇಲಿನ ಶೆಲ್ಫಿನಿಂದ ಮಸೂದೆಗಳನ್ನು ಇಳಿಸಿ ಒಂದೊಂದೇ ಬಿಡಿಸಿ ಹರವುತ್ತಿದ್ದೆ, ಅವರು ಅಂಚು ಮುಟ್ಟಿ ನೋಡಿ, "ಇದರಲ್ಲೇ ಸ್ವಲ್ಪ ತಿಳಿ ಬಣ್ಣದ್ದು ತೋರ್ಸಮ್ಮ" ಎನ್ನುತ್ತಿದ್ದರು. ರಾಶಿ ನನ್ನ ಗಲ್ಲದವರೆಗೆ ಬಂದ ಮೇಲೆ, "ಒಂದು ರೌಂಡು ಹಾಕ್ಕೊಂಡು ಬರ್ತೀವಿ" ಎಂದು ಎದ್ದು ಹೋದರು. ಹಾಗೆ ಹೇಳಿ ಹೋದ ಗಿರಾಕಿ ವಾಪಸ್ ಬಂದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಈ ಕನಸಿಗೆ ತಾವೇ ಹೊಣೆ ಎಂದು ವಿನಯದಿಂದ ಹೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲೇ ಇದ್ದು ಕಾಲೇಜು ಓದುವ ನನ್ನ ಅಕ್ಕನ ಮಗಳು ತಮ್ಮಲ್ಲಿ ಇಂಟರ್ನ್ ಆಗಿ ಸೇರಿದ್ದಾಳೆ. ಜನರಿಗೆ ಒಳಿತಾಗುವ ಕಾನೂನು ತರಿಸುವ ವಿದ್ಯೆಯನ್ನು ಮಕ್ಕಳಿಗೆ ಕಲಿಸುವ ತಮ್ಮ ದೊಡ್ಡತನವನ್ನು, ಶಾಲೆಯನ್ನು ಎರಡು ಸಲ ಅರ್ಧಕ್ಕೆ ಬಿಟ್ಟ ನಾನು ಎಷ್ಟೆಂದು ಹೊಗಳಲಿ! ಆದರೆ ಆ ವಿದ್ಯೆಯನ್ನು ಶಾಸನಸಭೆಯಲ್ಲೇ ಬಿಟ್ಟು ಮನೆಗೆ ಬರಬೇಕೆಂದು ಕಲಿಸುವುದನ್ನು ಮರೆತಿದ್ದೀರಿ. ಶಾಸಕರು ಲಿಫ್ಟಿನಿಂದ ಇಳಿದು ಸಭಾಂಗಣ ತಲುಪುವಷ್ಟರೊಳಗೆ ಪಕ್ಕದಲ್ಲೇ ನಡೆಯುತ್ತ ವಿಷಯ ಹೇಳಿ ಮುಗಿಸಬೇಕಂತೆ. ಅದರ ಅಭ್ಯಾಸ ನಾನು ಬಚ್ಚಲಿನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ನಡೆಯುತ್ತಿದೆ. ಖಂಡಿತ ಬೇಡ ಎನ್ನುವವರ ಹತ್ತಿರ ಹೊತ್ತು ಕಳೆಯಬೇಡಿ, ಅನುಮಾನದಲ್ಲಿರುವವರನ್ನು ಹಿಡಿಯಿರಿ ಎಂದೂ ಹೇಳಿಕೊಟ್ಟಿದ್ದೀರಂತೆ. ನಮ್ಮ ಯಜಮಾನರು ಎಲ್ಲಕ್ಕೂ ಖಂಡಿತ ಬೇಡ ಎನ್ನುವವರು. ನಾನೋ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿ ಕೊನೆಯಿಂದ ವಾಪಸ್ ಓಡಿ ಬರುವವಳು. ಹೀಗಾಗಿ ತಮ್ಮ ಪೂರ್ತಿ ತರಬೇತಿ ನನ್ನೊಬ್ಬಳ ತಲೆಯ ಮೇಲೇ ನಡೆಯುತ್ತಿದೆ. ಅವಳು ಸ್ನೇಹಿತೆಯರ ಜೊತೆ ಪ್ರವಾಸ ಹೋಗಲು ನಾನು ಒಪ್ಪಿದ್ದೇನೆಂಬುದು ನನಗೇ ತಿಳಿದದ್ದು, "ಬೆಂಬಲಕ್ಕೆ ಥ್ಯಾಂಕ್ಸ್ ಚಿಕ್ಕಮ್ಮ" ಎಂದು ಅವಳು ಬ್ಯಾಗು ಹೆಗಲಿಗೇರಿಸಿದಾಗ.

ಇದನ್ನೂ ಸಹಿಸುತ್ತಿದ್ದೆ. ಈಗ ಅವಳು ಹಿಡಿದಿರುವುದು ಅಂಗಡಿ ಕೆಲಸದವರಿಗೆ ಕೂರಲು ಕುರ್ಚಿ ಕೊಡಬೇಕೆಂಬ ಮಸೂದೆ. ಷಟರ್ ಎತ್ತಿದಾಗಿನಿಂದ ಎಳೆಯುವವರೆಗೆ, ಗಿರಾಕಿ ಇರಲಿ ಬಿಡಲಿ, ನಾವು ನಿಂತೇ ಇರುವವರು. ಒಮ್ಮೆ ಬಟ್ಟೆ ಗಂಟಿನ ಮೇಲೆ ಸ್ವಲ್ಪ ಕೂತದ್ದಕ್ಕೆ ಮಾಲೀಕರು, "ಏನಮ್ಮ, ಮದುವೆಗೆ ಬಂದಿದೀಯಾ?" ಎಂದಿದ್ದರು. ಈ ಮಸೂದೆಯ ಬಗ್ಗೆ ಶಾಸಕರ ಸಮಿತಿ ಗುರುವಾರ ನಡೆಸುವ ವಿಚಾರಣೆಗೆ ಸಾಕ್ಷಿ ಎಂದು ಹುಡುಗಿ ನನ್ನ ಹೆಸರನ್ನೇ ಕೊಟ್ಟು ಬಂದಿದ್ದಾಳೆ. ಮಾಲೀಕರಿಗೆ ತಿಳಿದರೆ ನಾನು ದಿನವಿಡೀ ಮನೆಯಲ್ಲಿ ಹಾಯಾಗಿ ಕೂರಬಹುದು, ಕೆಲಸವೊಂದು ಇರುವುದಿಲ್ಲ ಅಷ್ಟೆ. ಹೋಗದಿದ್ದರೋ, "ಸಾಕ್ಷಿ ಇಲ್ಲ ಅಂದ್ರೆ ಸಮಿತಿಯವರು ಮುಂದಿನ ವರ್ಷಕ್ಕೆ ತಳ್ತಾರೆ ಚಿಕ್ಕಮ್ಮ" ಎನ್ನುತ್ತಾಳೆ. ಪಕ್ಕದ ಕೌಂಟರಿನ ಬಸುರಿ ಹುಡುಗಿ ಮುಂದಿನ ವರ್ಷದವರೆಗೆ ನಿಂತಿರಲಾರಳು.

ಆದ್ದರಿಂದ ತಾವು ಕೃಪೆಯಿಟ್ಟು ವಿಚಾರಣೆಯನ್ನು ರಿಯಾಯಿತಿ ಮಾರಾಟದ ದಿನ ನಮ್ಮ ಅಂಗಡಿಯಲ್ಲೇ ನಡೆಸಲು ಸಮಿತಿಯವರನ್ನು ಒಪ್ಪಿಸಿ, ಸದಸ್ಯರನ್ನು ಕೌಂಟರಿನ ಒಳಗಡೆ ನಿಲ್ಲಿಸಿ, ಷಟರ್ ಎಳೆಯುವ ಹೊತ್ತಿಗೆ ಮತ ಹಾಕಿಸಬೇಕಾಗಿ ಕೋರುತ್ತೇನೆ. ಆಗದಿದ್ದರೆ ನನ್ನ ಎರಡು ಕಾಲುಗಳನ್ನಷ್ಟೇ ಸಾಕ್ಷಿಗೆ ಕರೆಸಿಕೊಳ್ಳಿ. ಮಾಲೀಕರು ಅವುಗಳ ಮುಖ ನೋಡಿದವರಲ್ಲ. ಅದೂ ಆಗದಿದ್ದರೆ ನಾನೇ ಬರುತ್ತೇನೆ. ಹಲ್ಲುನೋವೆಂದು ರಜೆ ಕೇಳಿಯಾಗಿದೆ. ಇದು ಬಹಿರಂಗ ಪತ್ರವಾದ್ದರಿಂದ, ಮಾಲೀಕರು ಓದಿದಲ್ಲಿ ಇದು ಬೇರೆ ಯಾವುದೋ ಅಂಗಡಿ ಎಂದು ತಿಳಿಯಬೇಕಾಗಿ ವಿನಂತಿ.

ಸದ್ಯಕ್ಕೆ ಇನ್ನೂ ಕೆಲಸದಲ್ಲಿರುವ,
ತಮ್ಮ ವಿಶ್ವಾಸಿ,
ಇಂಟರ್ನ್ ಹುಡುಗಿಯ ಚಿಕ್ಕಮ್ಮ

ತಾ.ಕ.: ಸಾಕ್ಷಿಗಳು ಕೂತು ಮಾತಾಡಬಹುದು ಎಂದು ಹುಡುಗಿ ಹೇಳುತ್ತಾಳೆ, ತಾವು ಕಳಿಸಿದ ಸೂಚನೆಯಲ್ಲಿ ಎದ್ದು ನಿಂತು ಹೇಳತಕ್ಕದ್ದು ಎಂದಿದೆ. ನಿಲ್ಲುವುದು ನನಗೇನೂ ಕಷ್ಟವಲ್ಲ. ಆದರೆ ನಾನು ಅಷ್ಟು ಚೆನ್ನಾಗಿ ನಿಲ್ಲುವುದನ್ನು ಕಂಡು, ಇವರಿಗೆ ಕುರ್ಚಿ ಯಾಕೆ ಬೇಕು ಎಂದು ಸದಸ್ಯರು ಎದ್ದು ಹೋದರೆ? ದಯವಿಟ್ಟು ಆ ಸಾಲನ್ನು ಇನ್ನೊಂದು ಸಲ ನೋಡಿ ತಿಳಿಸಿ.